ನಳಿಕೆಯಲ್ಲಿ ಉಳಿದ ಗುಂಡು

ನೆವಾರ್ಕ್
ಮೇ ೨೦೦೧

ಮಾವನವರಿಗೆ ಪ್ರಹ್ಲಾದನ ನಮಸ್ಕಾರ.

ನಿಮ್ಮ ಹಳೆಯ ಲಿವರ್ ರೈಫಲನ್ನು ನಿಮ್ಮೂರಿನ ಕಡೆಗೆ ಕಾರಿನಲ್ಲಿ ಬರುತ್ತಿರುವ ಗೆಳೆಯ ಹರ್ಷನ ಕೈಲಿ ಕಳಿಸುತ್ತಿದ್ದೇನೆ. ದಯವಿಟ್ಟು ಅದಕ್ಕೆ ಕಾಡತೂಸು ತುಂಬಬೇಡಿ. ನಳಿಕೆಯ ನಡುವೆ ಸೀಸದ ಗುಂಡೊಂದು ಸಿಕ್ಕಿಕೊಂಡಿದೆ. ಮೊದಲು ರಿಪೇರಿಯವರಿಂದ ತೆಗೆಸಿ.

ಅದು ನೀವೇ ಎರಕ ಹೊಯ್ದು, ಮದ್ದು ಕಡಿಮೆ ಹಾಕಿ, ನನಗೆಂದು ಕೊಟ್ಟ ಗುಂಡು. "ಕಂಪನಿ ಮುಚ್ಚಿ ಮನೇಲಿ ಕೂತಿರೋ ಅಳಿಯಂದ್ರ ಭುಜಕ್ಕೆ ಇಷ್ಟು ಸಾಕು" ಎಂದು ನೆಂಟರೆದುರು ನಕ್ಕಿರಿ. ನಾನೂ ನಕ್ಕೆ.

ಶನಿವಾರ ಶೂಟಿಂಗ್ ರೇಂಜಿನಲ್ಲಿ ಟ್ರಿಗರ್ ಎಳೆದಾಗ ಟುಸ್ ಎಂದಿತು, ಅಷ್ಟೇ. ಗುರಿಯ ಹಾಳೆಯಲ್ಲಿ ತೂತು ಬೀಳಲಿಲ್ಲ. ಭಾವನಾ ನಗುತ್ತಾ, "ಕೊಡಿ ಇಲ್ಲಿ, ನಾನು ಹೊಡೀತೀನಿ" ಎಂದು ರೈಫಲ್ ತೆಗೆದುಕೊಂಡು ಮುಂದಿನ ಕಾಡತೂಸು ಏರಿಸಲು ಲಿವರ್ ಎಳೆದಳು. ಗುಂಡು ಒಳಗೇ ಉಳಿದಿದೆಯೆಂದು ನನಗೆ ಹೊಳೆದದ್ದು ಆಗ. ಇನ್ನೊಂದು ಹಾರಿಸಿದ್ದರೆ ಅವಳ ಮುಖದ ಮುಂದೆಯೇ ನಳಿಕೆ ಸಿಡಿಯುತ್ತಿತ್ತು. ಕೈಯಿಂದ ಕಿತ್ತುಕೊಂಡೆ.

ಗುರಿ ತಪ್ಪಿದ ಸಿಟ್ಟಿಗೆ ಹಾಗೆ ಮಾಡಿದೆನೆಂದು ಅವಳು ತಿಳಿದಿದ್ದಾಳೆ. "ನಮ್ಮಪ್ಪನ ಒಂದು ತಮಾಷೆ ತಡ್ಕೊಳ್ಳಕ್ಕಾಗಲ್ವಾ ನಿಮ್ಗೆ?" ಎಂದವಳು ಇವತ್ತಿಗೂ ಮಾತಾಡಿಲ್ಲ.

ನಿಜ ಸಂಗತಿಯನ್ನು ನಾನು ಅವಳಿಗೆ ಹೇಳಿಲ್ಲ. ಸರ್ಜನ್ ಸಾಹೇಬರಾದ ನಿಮ್ಮ ಕೈಗುಣ ದೊಡ್ಡದೆಂದು ಎಲ್ಲರೂ ಹೇಳುತ್ತಾರೆ. ಮಗಳೂ ನಂಬಿದ್ದಾಳೆ, ನಂಬಿಕೊಂಡಿರಲಿ.

ಉಳಿದ ಕಾಡತೂಸುಗಳು ಡಬ್ಬಿಯಲ್ಲಿವೆ, ಎಣಿಸಿಕೊಳ್ಳಿ. ಮುಚ್ಚಳದ ಮೇಲೆ ನೀವು "ಅಳಿಯಂದ್ರಿಗೆ ಮಾತ್ರ" ಎಂದು ಬರೆದಿದ್ದೀರಿ. ಸೀಸಕ್ಕೆ ಓದು ಬರುವುದಿಲ್ಲ, ಮಾವ.

ಅತ್ತೆಯವರಿಗೆ ನಮಸ್ಕಾರ ತಿಳಿಸಿ.

ಇತಿ,
ಮನೇಲಿ ಕೂತಿರುವ ಅಳಿಯ,
ಪ್ರಹ್ಲಾದ