ನಾಲಾದ ಮೇಲೆ ಸಾವಿರ ರೂಪಾಯಿ

ಬದಲಾಪುರ
೧೨ ಏಪ್ರಿಲ್ ೨೦೨೫

ಪ್ರೀತಿಯ ಹರಿಣಾಕ್ಷಿ,

ಚೆನ್ನಾಗಿದ್ದೀಯಲ್ಲ? ಉತ್ತರ ತಡವಾಯಿತು, ಬೈದುಕೋ. ಮಾರ್ಚ್ ಮುಗಿಯುವವರೆಗೆ ಪಾಲಿಕೆಯ ಬಜೆಟ್ ವಿಭಾಗದವರಿಗೆ ಗುತ್ತಿಗೆದಾರರನ್ನು ಬಿಟ್ಟರೆ ಬೇರೆ ಬಂಧುಬಳಗ ಇರುವುದಿಲ್ಲ.

"ಇತಿಹಾಸ ಎಂ.ಎ. ಮಾಡಿದವಳಿಗೆ ಅಲ್ಲಿ ಎಂತ ಕೆಲಸ ಮಾರಾಯ್ತಿ?" ಎಂದು ನೆರೂಳಿನ ಕಾಲೇಜಿನಲ್ಲಿ ಕೂತು ಕೇಳಿದ್ದೀ. ನಿನಗೆ ಅಧ್ಯಾಪಕಿಯ ಕೆಲಸ ಸಿಕ್ಕಿತು, ನನಗೆ ಸಂದರ್ಶನಗಳು ಸಿಕ್ಕವು. ಹೊಟ್ಟೆಪಾಡಿಗೆಂದು ಬರೆದ ಪರೀಕ್ಷೆ ಇಲ್ಲಿ ತಂದು ಕೂರಿಸಿತು. ಓದಿದ್ದೇನೂ ವ್ಯರ್ಥವಾಗಿಲ್ಲ. ರಾಜರು ದಾನವನ್ನು ಕಲ್ಲಿನ ಮೇಲೆ ಕೆತ್ತಿಸುತ್ತಿದ್ದರು, ನಾವು ಕಾಗದದ ಮೇಲೆ ಅಚ್ಚುಹಾಕಿಸುತ್ತೇವೆ. ಅವರು ಕೆಲವೊಮ್ಮೆ ಕೊಡುತ್ತಲೂ ಇದ್ದರು.

ನಮ್ಮಲ್ಲಿ ಟೋಕನ್ ಎಂಬ ಪದ್ಧತಿಯಿದೆ. ಮಾಡುವ ಮನಸ್ಸಿಲ್ಲದ, ಆಗದು ಎನ್ನುವ ಧೈರ್ಯವೂ ಇಲ್ಲದ ಕಾಮಗಾರಿಗೆ ಬಜೆಟ್ಟಿನಲ್ಲಿ ಸಾವಿರ ರೂಪಾಯಿ ಇಡುವುದು. ಹೋದ ವರ್ಷ ಅಪ್ಪ ಇರುವ ಕೂಲಿಕಾರರ ವಸ್ತಿಯವರು ಅಲ್ಲಿನ ಕೊಳಚೆ ನಾಲಾಕ್ಕೆ ಸೇತುವೆ, ಅವರ ಮಾತಿನಲ್ಲಿ ಪೂಲ್, ಕೇಳಿದಾಗ ನಮ್ಮ ಸಾಹೇಬರು, "ಟೋಕನ್ ಟಾಕಾ. ಲೋಕ್ ಖುಷ್, ಆಪಣ್ ಖುಷ್" ಎಂದರು, ಟೋಕನ್ ಹಾಕಿ, ಜನರೂ ಖುಷಿ, ನಾವೂ ಖುಷಿ ಅಂತ. ಹಾಕಿದೆ.

ಇದು ಬರೀ ಹೆಸರಿಗೆ ಎಂದು ಅಪ್ಪನಿಗೆ ಹೇಳಿದೆ. "ಹೆಸರು ಬಂದಮ್ಯಾಲ ಕೆಲಸ ಬರಲಾರದ ಇರ್ತದೇನು? ಒಳಗ ನೀ ಅದಿ ಅಲ್ಲ!" ಎಂದ. ಲೋಡಿಂಗ್ ಕೆಲಸದವರೆಲ್ಲ ಸೇರಿ ಕಾರ್ಖಾನೆಯ ಹಳೇ ಕಬ್ಬಿಣದ ಹಾಳೆ ಹಾಸಿ ನಾಲಾ ದಾಟುತ್ತಿದ್ದರಲ್ಲ, ಅದನ್ನೂ ಬಿಚ್ಚಿಸಿದ: "ಅಳತೀಗಿ ಬಂದಾಗ ಜಾಗ ಖುಲ್ಲಾ ಇರಬೇಕ್ರಪ್ಪ." ಕಬ್ಬಿಣ ಗುಜರಿಗೆ ಹೋಯಿತು, ಆ ದುಡ್ಡಿನಲ್ಲಿ ವಸ್ತಿಗೆಲ್ಲ ಪೇಢೆ ಹಂಚಿದರು. ಅಳತೆಗೆ ಯಾರೂ ಬರಲಿಲ್ಲ. ಈಗ ಎಲ್ಲರೂ ಹೈವೇ ಸುತ್ತಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಪಕ್ಕದ ಮನೆಯ ಸತ್ಯಮ್ಮ ದಿನಾ ಅಪ್ಪನನ್ನು ತಡೆದು, "ಶಂಕ್ರೆಪ್ಪಣ್ಣಾ, ಮಗಳ ಪೂಲ್ ಮ್ಯಾಲ ಮೊದಲ ನೀನೇ ನಡಿಯಪ್ಪಾ, ನಾವು ಹಿಂದಿಂದ ಬರ್ತೀವಿ" ಎನ್ನುತ್ತಾಳಂತೆ.

ಈ ವರ್ಷ ನಿಜವಾದ ಹಣ ಕೇಳಿ ಟಿಪ್ಪಣಿ ಬರೆದೆ. ಇತಿಹಾಸದವರಿಗೆ ಕಾಯುವುದು ಗೊತ್ತಿರಬೇಕಲ್ಲ ಎಂದು ಸಾಹೇಬರು ನಕ್ಕು, ಮತ್ತೆ ಟೋಕನ್ನನ್ನೇ ಹಾಕಿಸಿದರು. ಬರುವ ತಿಂಗಳು ನನಗೆ ಬಡ್ತಿ.

ನಿನ್ನ ಮಗಳಿಗೆ ಆಶೀರ್ವಾದ. ಏನು ಬೇಕಾದರೂ ಓದಲಿ, ಕೆಲಸ ಹೇಗೂ ಬೇರೆಯದೇ ಸಿಗುತ್ತದೆ.

ನಿನ್ನ
ಅನಸೂಯಾ

ತಾ.ಕ.: ಸೋಮವಾರ ವಸ್ತಿಯವರ ಜೊತೆ ಅಪ್ಪನೂ ಕಚೇರಿಗೆ ಬಂದಿದ್ದ. ಕುರ್ಚಿ ಎಳೆದುಕೊಟ್ಟೆ, ಕೂರಲಿಲ್ಲ. ಎಲ್ಲರೆದುರು ನನಗೆ ಕೈಮುಗಿದು, "ಮ್ಯಾಡಮ್ಮೋರೆ, ನಮ್ಮ ಪೂಲಿಂದು ಏನಾತ್ರಿ?" ಎಂದ. ಸಾಹೇಬರು ನೋಡುತ್ತಿದ್ದರು. "ಬಜೆಟ್ಟಿನಾಗ ಅದ ರೀ" ಎಂದೆ.