ಮೂರನೆಯ ಅಧ್ಯಾಯ

ಪಾಂಡವಪುರ
೯ ಮಾರ್ಚ್ ೨೦೨೫

ಪ್ರೀತಿಯ ನಾಗಾರ್ಜುನ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದೆ. ಕೆಲಸ ಹೆಚ್ಚಿತ್ತು ಎಂದರೆ ಸುಳ್ಳಾಗುತ್ತದೆ. ಬರೆಯಲು ಮುಖವಿರಲಿಲ್ಲ. ಅಕ್ಕಿಹೆಬ್ಬಾಳಿನಲ್ಲಿ ಎಲ್ಲರೂ ಕ್ಷೇಮ ತಾನೆ?

ಈ ವರ್ಷ ಕಾಲೇಜಿನಲ್ಲಿ ಕೊನೆಯ ವರ್ಷದ ಮಕ್ಕಳ ಪ್ರಬಂಧಗಳನ್ನು ನೋಡುವ ಹೊಣೆ ನನ್ನದು. ಬೇರೆಯವರ ಬರಹವನ್ನು ಹೇಗೆ ಬಳಸಬೇಕು, ಅಡಿಟಿಪ್ಪಣಿಯಲ್ಲಿ ಯಾರ ಹೆಸರು ಹಾಕಬೇಕು ಎಂದು ವಾರಕ್ಕೊಂದು ತರಗತಿ ಮಾಡುತ್ತೇನೆ, ನಾನು! ಬೆಳಗೊಳದ ಅರ್ಪಿತ ಎಂಬ ಹುಡುಗಿಯ ಪ್ರಬಂಧದಲ್ಲಿ ನಾಲ್ಕು ಪುಟ ಅವಳದಲ್ಲವೆಂದು ಓದುತ್ತಲೇ ತಿಳಿಯಿತು. ಎಲ್ಲರೆದುರು ರೇಗಿದೆ.

"ಕದ್ದು ಬರ್ದಿದ್ದೀಯಲ್ಲಮ್ಮ, ನಾಚ್ಕೆ ಆಗಕಿಲ್ವಾ?"

ಅವಳು ತಲೆ ತಗ್ಗಿಸಿದಳು. "ತಪ್ಪಾಯ್ತು ಸಾರ್. ಲೈಬ್ರರೀಲಿರೋ ನಿಮ್ ಥೀಸಿಸ್ಸಿಂದಾನೇ ತಕಂಡಿದ್ದು. ನಿಮ್ ಹೆಸ್ರು ಹಾಕ್ಬುಡ್ತೀನಿ."

ನನ್ನ ಪುಟಗಳೇ ನನಗೆ ಗುರುತು ಸಿಕ್ಕಿರಲಿಲ್ಲ. ಅವನ್ನು ಬರೆದವನು ನಾನಲ್ಲವಲ್ಲ. ಇಪ್ಪತ್ತು ವರ್ಷದ ಹಿಂದೆ ನೀನು ಸಂಶೋಧನೆ ಬಿಟ್ಟು ಕೆಲಸಕ್ಕೆ ಸೇರುವಾಗ, ಹೇಮಾವತಿ ದಡದ ಹಳೆಯ ಭತ್ತದ ತಳಿಗಳ ಬಗ್ಗೆ ಬರೆದಿಟ್ಟ ನೋಟ್‌ಬುಕ್ಕು ಕೊಟ್ಟು, "ಮಡಿಕ್ಕೊ ಕಣ್ಲಾ, ನಿಂಗಾದ್ರೂ ಬೇಕಾಯ್ತದೆ" ಅಂದೆ. ನನ್ನ ಥೀಸಿಸ್ಸಿನ ಮೂರನೆಯ ಅಧ್ಯಾಯವನ್ನು ನಾನು ಪೂರ್ತಿ ಅದರಿಂದಲೇ ಇಳಿಸಿದೆ. ನಿನ್ನ ಹೆಸರನ್ನು ಎಲ್ಲೂ ಹಾಕಲಿಲ್ಲ.

"ನಂದಲ್ಲ, ನಾಗಾರ್ಜುನ ಅಂತ ಹಾಕಮ್ಮ" ಎಂದೆ.

"ಯಾರ್ ಸಾರ್ ಅವ್ರು?"

ಹೇಳಿದೆ. ಮಕ್ಕಳು ನನ್ನ ಮುಖ ನೋಡಲಾರದೆ ಪುಸ್ತಕ ನೋಡುತ್ತ ಕೂತರು. ಮರುದಿನ ವಿಶ್ವವಿದ್ಯಾಲಯಕ್ಕೂ ಬರೆದು ಕೊಟ್ಟೆ. ಪದವಿ ಹೋದೀತು, ಕೆಲಸವೂ ಹೋದೀತು. ಭಯವಾಗುತ್ತಿದೆ. ನಿನ್ನ ಕ್ಷಮೆ ಕೇಳುವ ಯೋಗ್ಯತೆಯೂ ನನಗಿಲ್ಲ. ಬೈದಾದರೂ ನಾಲ್ಕು ಸಾಲು ಬರೆ.

ಮಗಳು ಚಿನ್ನುವಿಗೆ ನನ್ನ ಆಶೀರ್ವಾದ. ಅವಳ ಪರೀಕ್ಷೆ ಚೆನ್ನಾಗಿ ಆಗಲಿ.

ನಿನ್ನ,
ರವೀಂದ್ರ

ತಾ.ಕ.: ಇದು ಮರೆತು ಬಿಟ್ಟ ಮಾತಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿಮ್ಮ ತಾಯಿ ಮಾರಮ್ಮನವರು ಕಾಯಿಲೆ ಬಿದ್ದು ಮಲಗಿದ್ದಾಗ ನೋಡಲು ಬಂದಿದ್ದೆನಲ್ಲ, ಆಗ ನೀನು ಔಷಧಿ ತರಲು ಹೋಗಿದ್ದೆ. ನನ್ನ ಕೈಯಲ್ಲಿ ಥೀಸಿಸ್ಸಿತ್ತು. "ನಮ್ ನಾಗಾರ್ಜುನನ ಎಸ್ರು ಎಲ್ ಆಕಿದ್ದೀಯಾ ಮಗಾ, ತೋರ್ಸು" ಎಂದರು. ಅವರಿಗೆ ಓದಲು ಬರುತ್ತಿರಲಿಲ್ಲ. ಮೊದಲ ಪುಟ ತೆರೆದು, ನನ್ನ ಹೆಸರಿನ ಮೇಲೆ ಬೆರಳಿಟ್ಟು, "ಇದೇ ಕಣವ್ವ" ಎಂದೆ. ಅವರು ಆ ಪುಟವನ್ನು ಕಣ್ಣಿಗೊತ್ತಿಕೊಂಡರು.