ಒಂದು ವೈರು, ಇಬ್ಬರು ಬೀಗಿತ್ತಿಯರು

ಮಾರ್ಚ್ 4, ಮಂಗಳವಾರ

ಸ್ಕೂಲ್ ಯೂನಿಫಾರ್ಮ್ ಸೀಸನ್ ಶುರು. ಬೆಳಿಗ್ಗೆಯಿಂದ ಕಟಿಂಗ್. ಮೆಷಿನ್ ಬೆಲ್ಟ್ ಮತ್ತೆ ಜಾರುತ್ತಿದೆ. ಸೊಂಟ ಹಿಡಿದಿದೆ.

ಮಧ್ಯಾಹ್ನ ಮಗಳು ಅಂಗಡಿಗೇ ಬಂದಳು, ಆಫೀಸಿಗೆ ರಜೆ ಹಾಕಿ. ಆಗಲೇ ನನಗೆ ಗೊತ್ತಾಗಬೇಕಿತ್ತು. ಸ್ಟೂಲಿನ ಮೇಲೆ ಕೂತು, ನನ್ನ ಚಾಕ್ ತೆಗೆದುಕೊಂಡು ಮೇಜಿನ ಮೇಲೆ ಗೀಟು ಎಳೆಯುತ್ತಾ ಹೇಳಿದಳು. ಅವಳೂ ಅಳಿಯನೂ ಬೇರೆಯಾಗುತ್ತಿದ್ದಾರಂತೆ. ಲಾಯರ್ ಹತ್ತಿರ ಹೋಗಿ ಬಂದದ್ದೂ ಆಗಿದೆ.

"ಹೊಡೀತಾನಾ?"

"ಇಲ್ಲಮ್ಮ."

"ಕುಡೀತಾನಾ?"

"ಅವನು ಒಳ್ಳೆಯವನೇ ಅಮ್ಮ. ನಮ್ಮಿಬ್ರಿಗೂ ಮಾತೇ ಹುಟ್ಟಲ್ಲ. ಊಟಕ್ಕೆ ಕೂತ್ರೆ ಅವನೊಂದು ಫೋನು, ನಾನೊಂದು ಫೋನು. ನಾಲ್ಕು ವರ್ಷ ನೋಡಿದ್ವಿ."

ಅವಳಪ್ಪನ ಜೊತೆ ನಾನಾದರೂ ಎಷ್ಟು ಮಾತಾಡಿದ್ದೆ? ಆಗ ಫೋನ್ ಇರಲಿಲ್ಲ, ಪೇಪರ್ ಇತ್ತು.

"ಅವರಮ್ಮಂಗೆ ಗೊತ್ತಾ?"

"ಅವನೇ ಹೇಳ್ತಾನಂತೆ, ಸ್ವಲ್ಪ ಟೈಮ್ ಬೇಕಂತೆ. ನೀನು ಮಾತ್ರ ಬಾಯಿ ಬಿಡಬೇಡ. ನನ್ನಾಣೆ."

ಭಾನುವಾರ ಅರಮನೆ ಟೂರ್ ಇದೆ. ಅವಳೂ ಅಳಿಯನೂ ಸೇರಿ ಎರಡು ತಿಂಗಳ ಹಿಂದೆ ನಮ್ಮಿಬ್ಬರಿಗೂ ತೆಗೆಸಿಕೊಟ್ಟ ಟಿಕೆಟ್. ನನಗೆ, ಬೀಗಿತ್ತಿಗೆ. ಇಡೀ ದಿನ ಪಕ್ಕದಲ್ಲೇ ಕೂರಬೇಕು. ದೇವರೇ.

ಮಾರ್ಚ್ 8, ಶನಿವಾರ ಸಂಜೆ

ಬೀಗಿತ್ತಿ ಬಂದು ಹೋದರು. ಶನಿವಾರ ತಪ್ಪಿಸುವವರಲ್ಲ. ಮಕ್ಕಳ ಮದುವೆಯಾದ ಹೊಸದರಲ್ಲಿ ಒಂದು ಗೌನು ಸಡಿಲ ಮಾಡಿಸಲು ಬಂದವರು, ಅಂದಿನಿಂದ ಪ್ರತಿ ಶನಿವಾರ ನನ್ನ ಅಂಗಡಿಯಲ್ಲಿ ಹಾಜರಿ. ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದು ರಿಟೈರ್ ಆದವರು. ಕೂತಲ್ಲೇ ಎಲ್ಲರಿಗೂ ಆರ್ಡರ್. "ಬೆನ್ನು ನೆಟ್ಟಗೆ ಮಾಡಿ. ನೀರು ಕುಡಿದ್ರಾ? ಆ ಕತ್ತರಿ ಹಾಗಿಡ್ತಾರಾ?" ಮೊದಮೊದಲು ಮೈ ಉರಿಯುತ್ತಿತ್ತು. ಈಗ ಶನಿವಾರ ಐದು ದಾಟಿದರೆ ಬಾಗಿಲ ಕಡೆಗೇ ಕಣ್ಣು.

ನಾಚಿಕೆ ಬಿಟ್ಟು ಬರೆಯುತ್ತೇನೆ. ಈ ವಯಸ್ಸಿನಲ್ಲಿ ನನಗೆ ಸಿಕ್ಕ ಗೆಳತಿ ಇವರೊಬ್ಬರೇ. ನನ್ನವರು ಹೋದ ಮೇಲೆ ಮನೆಯಲ್ಲಿ ರೇಡಿಯೋ ಬಿಟ್ಟರೆ ಮಾತಾಡುವವರಿರಲಿಲ್ಲ. ಮಗಳ ಮದುವೆ ಹೋದರೆ ಮಗಳಿಗೆ ಇನ್ನೊಬ್ಬ ಸಿಕ್ಕಾನು. ನನಗೆ ಇನ್ನೊಬ್ಬ ಬೀಗಿತ್ತಿ ಎಲ್ಲಿ?

"ಯಾಕೆ ಮುಖ ಹೀಗಿದೆ? ಬಿ.ಪಿ. ನೋಡ್ಲಾ?" ಅಂದರು.

ಬಿಸಿ ತುಪ್ಪ ಬಾಯಲ್ಲಿ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಸೊಂಟ ನೋವು ಅಂದೆ. ಮುಲಾಮು ಬರೆದುಕೊಟ್ಟರು.

ಮಾರ್ಚ್ 9, ಭಾನುವಾರ. ಅರಮನೆ ಗೇಟು, ಟೀ ಅಂಗಡಿ

ಬಸ್ಸಿನಲ್ಲಿ ಇಪ್ಪತ್ತು ಚಿಲ್ಲರೆ ಜನ. ಗೈಡ್ ಚೂಟಿ ಹುಡುಗಿ. ಕುತ್ತಿಗೆಯಲ್ಲಿ ಪುಟ್ಟ ಮೈಕು, ಅವಳು ಪಿಸುಗುಟ್ಟಿದರೂ ನಮ್ಮ ಕಿವಿಗೆ ಬೀಳುತ್ತದೆ. ಆದರೆ ನಮಗೆ ಅದನ್ನು ಕೇಳಿಸುವ ಡಬ್ಬಿ ಇಬ್ಬರಿಗೊಂದು! ಒಂದು ವೈರು, ಕಿವಿಗೆ ತುರುಕಿಕೊಳ್ಳಲು ಎರಡು ಬಿರಟೆ. ಒಂದು ನನ್ನ ಎಡಗಿವಿಗೆ, ಒಂದು ಬೀಗಿತ್ತಿಯ ಬಲಗಿವಿಗೆ. ಒಬ್ಬರು ಬಲಕ್ಕೆ ನಡೆದರೆ ಇನ್ನೊಬ್ಬರ ಕಿವಿ ಕಿತ್ತು ಬರುತ್ತದೆ.

"ಮಕ್ಕಳಿಗೂ ಮದುವೇಲಿ ಇಷ್ಟು ಗಟ್ಟಿ ಗಂಟು ಹಾಕಿರಲಿಲ್ಲ ಬಿಡಿ," ಅಂದು ನಕ್ಕರು.

ನಾನೂ ನಕ್ಕೆ. ಹೇಗೆ ನಕ್ಕೆನೋ.

ಸಂಜೆ. ಮನೆ

ಆದದ್ದನ್ನೆಲ್ಲ ಬರೆಯಬೇಕು, ಇಲ್ಲದಿದ್ದರೆ ತಲೆ ಸಿಡಿದುಹೋಗುತ್ತದೆ.

ಅರಮನೆ ಚೆನ್ನಾಗಿತ್ತು. ದರ್ಬಾರು ಹಾಲ್, ಬೆಳ್ಳಿ ಬಾಗಿಲು, ಹಗ್ಗ ಕಟ್ಟಿದ ಸಿಂಹಾಸನ. ಗಾಜಿನ ಪೆಟ್ಟಿಗೆಯಲ್ಲಿ ರಾಣಿಯ ನಿಲುವಂಗಿ. ಚಿನ್ನದ ದಾರ ಅಂತ ಎಲ್ಲರೂ ಬಾಯಿ ಬಿಟ್ಟರು. ನನ್ನ ಕಣ್ಣು ಕಂಕುಳಿಗೆ ಹೋಯಿತು. ಹೊಲಿಗೆ ಬಿಚ್ಚಿ ಅಗಲ ಮಾಡಿದ ಗುರುತು. ಬೀಗಿತ್ತಿಗೆ ಮೆಲ್ಲಗೆ ತೋರಿಸಿದೆ. "ಅಯ್ಯೋ, ನನ್ನ ಹಾಗೇ ದಪ್ಪ ಆಗಿದಾಳೆ ಪಾಪ," ಅಂದರು. ವೈರು ಕುಣಿಯುವಷ್ಟು ನಕ್ಕೆವು. ಗೈಡ್ ತಿರುಗಿ ನೋಡಿದಳು.

ಒಳಮನೆಯಲ್ಲಿ ಇಬ್ಬರು ರಾಣಿಯರ ಕೋಣೆ. ರಾಜ ಇರುವಷ್ಟು ದಿನ ಮುಖ ಕೊಟ್ಟು ಮಾತಾಡಿದವರಲ್ಲವಂತೆ. ಅವನು ಹೋದ ಮೇಲೆ ನಡುವಿನ ಗೋಡೆ ಒಡೆಸಿ ಒಟ್ಟಿಗೇ ಇದ್ದರಂತೆ. ಬೀಗಿತ್ತಿ ಆ ಒಡೆದ ಗೋಡೆಯ ಅಂಚನ್ನು ಬಹಳ ಹೊತ್ತು ನೋಡಿದರು. "ಇಷ್ಟು ಬುದ್ಧಿ ಮೊದಲೇ ಬಂದಿದ್ರೆ ಆಗ್ತಿರಲಿಲ್ವಾ?" ಆಗಲೇ ಹೇಳಿಬಿಡಬೇಕು ಅನ್ನಿಸಿತು. ಮಗಳ ಆಣೆ ಅಡ್ಡ ಬಂತು. ಸುಳ್ಳೇಕೆ, ಆಣೆಯಲ್ಲ, ನನ್ನ ಹೆದರಿಕೆ.

ಅರಮನೆಯ ಹಿಂದೆ ಬೌದ್ಧ ಮಂದಿರ. ಕಲ್ಲಿನ ತಂಪು. ಬುದ್ಧ ಅರೆಗಣ್ಣು ಮುಚ್ಚಿ ಕೂತಿದ್ದಾನೆ, ಬಲಗೈ ಬೆರಳು ನೆಲ ಮುಟ್ಟಿದೆ. ಭೂಮಿಯನ್ನೇ ಸಾಕ್ಷಿಗೆ ಕರೆದದ್ದು ಅಂತ ಗೈಡ್ ಹೇಳಿದಳು. ಹತ್ತು ನಿಮಿಷ ಸುಮ್ಮನೆ ಕೂರಿ ಅಂದಳು. ಬೀಗಿತ್ತಿ ಬಿರಟೆ ತೆಗೆದರು, ನಾನೂ ತೆಗೆದೆ. ಅವರು ಮುಂದೆ ಹೋಗಿ ಕಣ್ಣು ಮುಚ್ಚಿ ಕೂತರು. ನಾನು ಕಂಬಕ್ಕೆ ಒರಗಿದೆ, ಸೊಂಟ.

ಅಷ್ಟರಲ್ಲಿ ನಮ್ಮ ಬಸ್ಸಿನಲ್ಲೇ ಬಂದಿದ್ದ ಮೇಷ್ಟರೊಬ್ಬರ ಹೆಂಡತಿಗೆ ಮೆಟ್ಟಿಲು ಹತ್ತಲಾಗದೆ ಮಂಡಿ ಹಿಡಿಯಿತು. ಗೈಡ್ ಮೈಕು ಬಿಚ್ಚಿ ನನ್ನ ಕೈಗಿಟ್ಟು, "ಆಂಟಿ, ಒಂದ್ನಿಮಿಷ ಹಿಡ್ಕೊಳ್ಳಿ" ಅಂತ ಓಡಿದಳು. ಮಡಿಲಲ್ಲಿಟ್ಟುಕೊಂಡೆ.

ಬುದ್ಧನನ್ನು ನೋಡುತ್ತಾ ಕೂತೆ. ಇವನಿಗೆ ಹೇಳಿದರೆ ಯಾರ ಆಣೆಯೂ ಮುರಿಯುವುದಿಲ್ಲ ಅನ್ನಿಸಿತು. ಪಿಸುಗುಟ್ಟಿದೆ. "ನನ್ನ ಮಗಳು ಇವರ ಮಗನನ್ನ ಬಿಟ್ಟು ಹೊರಟಿದಾಳಪ್ಪಾ. ಡೈವೋರ್ಸು. ಇವರಿಗಿನ್ನೂ ಗೊತ್ತಿಲ್ಲ, ಅಲ್ಲಿ ಕೂತು ಮಕ್ಕಳಿಗೆ ಒಳ್ಳೇದಾಗ್ಲಿ ಅಂತ ಬೇಡ್ತಿದಾರೆ. ಹೇಳಿದ್ರೆ ಇವರು ನನ್ನ ಮುಖ ನೋಡಲ್ಲ. ನಾನು ಮತ್ತೆ ಒಂಟಿ ಆಗ್ತೀನಿ. ಏನ್ ಮಾಡ್ಲಿ?"

ಅತ್ತೂ ಬಿಟ್ಟೆ. ಮೂಗನ್ನೂ ಸೀಟಿಕೊಂಡೆ.

ಗೈಡ್ ವಾಪಸ್ ಬಂದು ಮೈಕು ತೆಗೆದುಕೊಂಡಳು. ಹಸಿರು ದೀಪ ನೋಡಿದಳು. ಮುಖ ಬಿಳುಚಿತು. "ಆಂಟಿ... ಇದು ಆನ್ ಇತ್ತು."

ತಿರುಗಿ ನೋಡಿದೆ. ಅಷ್ಟೂ ಜನ ಕಿವಿಗೆ ಬಿರಟೆ ಹಾಕಿಕೊಂಡೇ ಕೂತಿದ್ದರು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಬುದ್ಧನಿಗೆ ಒಂದು ಭೂಮಿ ಸಾಕ್ಷಿಯಾದರೆ ನನಗೆ ಒಂದು ಬಸ್ಸಿನ ಜನ. ಕೇಳಿಸದೇ ಇದ್ದದ್ದು ಒಬ್ಬರಿಗೆ ಮಾತ್ರ.

ಆಮೇಲೆ ಶುರುವಾಯಿತು ನೋಡಿ ಕರುಣೆ. ಒಬ್ಬರು ಬೀಗಿತ್ತಿಗೆ ಕಿತ್ತಳೆ ಸುಲಿದುಕೊಟ್ಟರು. ಒಬ್ಬರು ಕಿಟಕಿ ಸೀಟು ಬಿಟ್ಟುಕೊಟ್ಟರು. ಡ್ರೈವರ್ ಕೈ ಹಿಡಿದು ಹತ್ತಿಸಿದ. ಯಾರ ತಪ್ಪೂ ಇಲ್ಲ, ಎಲ್ಲರೂ ಒಳ್ಳೆಯ ಜನ. ಬೀಗಿತ್ತಿ ಕಿತ್ತಳೆ ತಿನ್ನುತ್ತಾ, "ನನಗೇನಾದ್ರೂ ದೊಡ್ಡ ಕಾಯಿಲೆ ಇದ್ಯಾ? ಆಸ್ಪತ್ರೇಲಿ ನಾವು ಹೀಗೆ ನೋಡ್ಕೊಳ್ತಿದ್ದಿದ್ದು ಉಳಿಯಲ್ಲ ಅನ್ನೋರನ್ನ," ಅಂತ ನಕ್ಕರು. ಬಾಯಿ ತೆರೆದೆ. ಗೈಡ್ ಊಟಕ್ಕೆ ಕರೆದಳು. ಮುಚ್ಚಿದೆ.

ಊಟದ ಹೋಟೆಲಿನಲ್ಲಿ ಮೇಷ್ಟರ ಹೆಂಡತಿ ಅವರ ಕೈ ಹಿಡಿದು, "ಧೈರ್ಯವಾಗಿರಿ, ಈಗಿನ ಕಾಲದಲ್ಲಿ ಡೈವೋರ್ಸ್ ಯಾವ ಮನೇಲಿಲ್ಲ," ಅಂದೇ ಬಿಟ್ಟರು.

"ಯಾರ ಡೈವೋರ್ಸು?"

ಎಲ್ಲರೂ ತಟ್ಟೆ ನೋಡಿಕೊಂಡರು. ಅವರು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದು ನನ್ನಲ್ಲಿ ನಿಂತರು. ತಟ್ಟೆಯಲ್ಲಿದ್ದುದನ್ನು ಪೂರ್ತಿ ಊಟ ಮಾಡಿ ಎದ್ದರು. ವಾಪಸ್ ಬರುವಾಗ ಗೈಡ್ ಪಕ್ಕದಲ್ಲಿ ಕೂತರು. ನನ್ನ ಪಕ್ಕದ ಸೀಟಿನಲ್ಲಿ ಅವರ ಛತ್ರಿ ಉಳಿದಿತ್ತು. ಇಳಿಯುವಾಗ ಅದನ್ನೂ ನೆನಪಿನಿಂದ ತೆಗೆದುಕೊಂಡು ಹೋದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಆಡದೆಯೂ ಕಳೆದುಕೊಂಡೆ, ಆಡಿಯೂ ಕಳೆದುಕೊಂಡೆ.

ಮಾರ್ಚ್ 10

ಮಗಳು ಫೋನಿನಲ್ಲಿ ಕೂಗಾಡಿದಳು. ಆಮೇಲೆ ಅತ್ತಳು. ಆಮೇಲೆ, "ಇಡೀ ಬಸ್ಸಿಗೆ ಮೈಕಲ್ಲಿ ಹೇಳಿದ್ಯಾ ಅಮ್ಮಾ?" ಅಂತ ನಗತೊಡಗಿದಳು. ನನಗೆ ನಗು ಬರಲಿಲ್ಲ.

ಮಾರ್ಚ್ 15, ಶನಿವಾರ

ಬರಲಿಲ್ಲ.

ಮಾರ್ಚ್ 22, ಶನಿವಾರ

ಇಲ್ಲ. ಒಂದು ಕಾಲರ್ ತಲೆಕೆಳಗಾಗಿ ಹೊಲಿದೆ.

ಮಾರ್ಚ್ 30, ಭಾನುವಾರ

ನಾನೇ ಬೀಗಿತ್ತಿಯ ಮನೆಗೆ ಹೋದೆ. ಈಗ ಅಮ್ಮನ ಮನೆಗೇ ಬಂದಿರುವ ಅಳಿಯ ಬಾಗಿಲು ತೆಗೆದು, "ಬನ್ನಿ ಅತ್ತೆ," ಅಂದ. ಪಾಪ, ಸೊರಗಿದ್ದಾನೆ. ಶರ್ಟಿನ ಗುಂಡಿ ಕಿತ್ತುಹೋಗಿತ್ತು. ತಪ್ಪು ಮಾಡಿದವಳು ನಾನು. ಅವನೇ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ ನಿಂತ. ಬೆನ್ನು ಸವರಿದೆ.

ಬೀಗಿತ್ತಿ ಟೀ ತಂದರು. ಒಳ್ಳೆಯ ಕಪ್ಪಿನಲ್ಲಿ, ಸಾಸರ್ ಸಮೇತ. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮರ್ಯಾದೆ ತಡೆಯಲಾಗಲಿಲ್ಲ.

"ನನ್ ಮಗ ಹೇಳ್ಲಿಲ್ಲ, ಸರಿ. ಗಂಡು ಹುಡುಗ, ಅವನಿಗೆ ಬಾಯಿಲ್ಲ. ನೀವು? ಬಸ್ಸಲ್ಲಿ ಎಲ್ರಿಗೂ ಗೊತ್ತು. ನಾನೊಬ್ಬಳು ಕಿತ್ತಳೆ ತಿಂತಾ ಕೂತಿದೀನಿ."

"ಹೇಳಿದ್ರೆ ನೀವು ಅಂಗಡಿಗೆ ಬರೋದು ನಿಲ್ಲಿಸ್ತೀರೇನೋ ಅಂತ ಭಯ ಆಯ್ತು."

"ಈಗ ಬರ್ತಿದೀನಾ?"

ಟೀ ಕುಡಿದು ಎದ್ದೆ. ಗೇಟಿನ ತನಕ ಬಂದು ಕಳಿಸಿದರು. ಅದೂ ಮರ್ಯಾದೆಯೇ.

ಏಪ್ರಿಲ್ 10, ಗುರುವಾರ

ಕೋರ್ಟು. ಮಕ್ಕಳಿಬ್ಬರೂ ಒಳಗೆ. ಹೊರಗೆ ಉದ್ದದ ಬೆಂಚು, ಒಂದು ತುದಿಗೆ ನಾನು, ಒಂದು ತುದಿಗೆ ಅವರು. ನಡುವೆ ಯಾರದೋ ಫೈಲುಗಳು.

ಪ್ಯೂನ್ ಬಂದು ಹೊರಗಿನವರು ಇಲ್ಲಿ ಕೂರುವ ಹಾಗಿಲ್ಲ ಅಂದ. ನಮ್ಮಿಬ್ಬರನ್ನೂ ನೋಡಿ, "ನೀವಿಬ್ರೂ ಏನಾಗ್ಬೇಕು?" ಅಂತ ಕೇಳಿದ. ಬಾಯಿ ತೆರೆದೆ. ಬೀಗಿತ್ತಿಯರು ಅನ್ನಲು ಹೊರಟೆ. ಆ ಬಾಗಿಲ ಒಳಗೆ ಅದೇ ತಾನೇ ಬಿಚ್ಚುತ್ತಿದ್ದದ್ದು.

ಬೀಗಿತ್ತಿ ಎದ್ದರು. ವಾರ್ಡಿನಲ್ಲಿ ಎದ್ದು ನಿಂತ ಹಾಗೆ. "ಒಟ್ಟಿಗೆ ಬಂದಿದೀವಿ ಕಣಪ್ಪ. ಇವರಿಗೆ ಸೊಂಟ ನೋವು, ಎಬ್ಬಿಸಬೇಡ."

ನಾವು ಬಂದದ್ದು ಬೇರೆ ಬೇರೆ ಬಸ್ಸಿನಲ್ಲಿ.

ಅವನು ಹೋದ. ಅವರು ತಮ್ಮ ತುದಿಗೇ ವಾಪಸ್ ಹೋಗಿ ಕೂತರು. ನಾನು ಅವರನ್ನು ನೋಡಿದೆ, ಅವರು ಗೋಡೆ ನೋಡಿದರು. ಮಕ್ಕಳು ಹೊರಗೆ ಬಂದು ಒಬ್ಬರಿಗೊಬ್ಬರು ಕೈ ಕುಲುಕಿದರು.

ಏಪ್ರಿಲ್ 12, ಶನಿವಾರ, ಸಂಜೆ 6

ಐದು ದಾಟಿತು. ಐದೂವರೆ ದಾಟಿತು. ಬರಲು ಇನ್ನು ಕಾರಣವಾದರೂ ಏನು? ಅವರು ಯಾರೋ, ನಾನು ಯಾರೋ. ಶಟರ್ ಅರ್ಧ ಇಳಿಸಿ ಇದನ್ನು ಬರೆಯುತ್ತಿದ್ದೇನೆ. ಅಭ್ಯಾಸ ಆಗುತ್ತದೆ. ಎಲ್ಲಕ್ಕೂ ಆಗುತ್ತದೆ. ಮೊದಲು ನಾನು ಒಬ್ಬಳೇ ಇರಲಿಲ್ಲವೇ...

ಯಾರೋ ಶಟರ್ ಬಡಿಯುತ್ತಿದ್ದಾರೆ. ಬಟ್ಟೆ ಕೇಳಲು ಬಂದವರಿರಬೇಕು, ಸೋಮವಾರ ಬನ್ನಿ ಅಂದೆ.

"ಸೋಮವಾರ ಯಾಕೇ ಬರ್ಲಿ? ಬಗ್ಗಿ ಬರೋಕಾಗಲ್ಲ ನಂಗೆ, ಇದನ್ನ ಮೇಲೆತ್ತೇ!"

ಏಕವಚನ. ನನಗೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಅಕ್ಷರ ಸೊಟ್ಟ ಬರುತ್ತಿದೆ. ಮತ್ತೆ ಬಡಿಯುತ್ತಿದ್ದಾರೆ. ಬಂದೆ ಕಣೇ, ಬಂದೆ, ಒಂದು ನಿಮ